ಐದನೆಯ ಸಾಲು

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಹೇಳಬೇಕಾದವರು ಅವರ ಜೊತೆ ಎದ್ದು ನಿಂತವರು. ಇಲ್ಲಿರುವುದು ಕೂತೇ ಇದ್ದವನೊಬ್ಬನ ವಿಷಯ. ನಡೆದದ್ದಾದರೂ ಏನು ಮಹಾ? ಒಂದು ಮಧ್ಯಾಹ್ನ, ಒಂದು ಕೋಣೆಯಲ್ಲಿ, ಒಬ್ಬನು ಒಂದೇ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಹನ್ನೊಂದು ವರ್ಷವಾದರೂ ಅದು ಅವನನ್ನು ಬಿಟ್ಟಿಲ್ಲ ಎನ್ನುವುದಷ್ಟೇ ಹೇಳುವುದಕ್ಕಿರುವ ನೆಪ.

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಶಿಕ್ಷಕರ ಸಂಘದ ಕಚೇರಿಗೆ ನಡೆಯುತ್ತಿದ್ದಾಗ ಅವನ ಅಂಗಿಯ ಜೇಬಿನಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ನಾಲ್ಕು ಸಾಲು, ಇನ್ನೊಂದರಲ್ಲಿ ಐದು. ಮೊದಲ ನಾಲ್ಕು ಎರಡರಲ್ಲೂ ಒಂದೇ: ಮಾನ್ಯರು ಇಷ್ಟು ವರ್ಷ ಭೂಗೋಳ ಕಲಿಸಿದರು, ಇಷ್ಟು ವರ್ಷ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು, ಅವರ ಅಗಲಿಕೆಯಿಂದ ಸಂಘಕ್ಕೆ ನಷ್ಟವಾಗಿದೆ, ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಬರಲಿ. ಬೆಳಗ್ಗೆಯಿಂದ ಎಷ್ಟು ಸಲ ಜೇಬು ಮುಟ್ಟಿ ನೋಡಿಕೊಂಡಿದ್ದನೋ, ಹೊರಡುವಾಗ ಹೆಂಡತಿ ನಕ್ಕಿದ್ದಳು, "ಏನ್ರೀ ಅದು, ಪ್ರೇಮಪತ್ರ ಇಟ್ಕೊಂಡವರ ಹಾಗೆ?" "ಸಂತಾಪ ನಿರ್ಣಯ," ಎಂದಿದ್ದ. ಅವಳ ನಗು ಅಲ್ಲೇ ನಿಂತಿತ್ತು. "ಅವರು ನಿಮಗೆ ತುಂಬಾ ಮಾಡಿದ್ರು. ಚೆನ್ನಾಗಿ ಬರೀರಿ," ಎಂದು ತನ್ನ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಹೋಗಿದ್ದಳು. ಅವಳ ಶಾಲೆ ಈಗ ಎರಡು ಬೀದಿಯಾಚೆ. ಮೊದಲು ಎರಡೂವರೆ ಗಂಟೆ ಬಸ್ಸಿನ ದಾರಿಯಲ್ಲಿತ್ತು. ಇವತ್ತೂ ಅವಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಅವನು ಬಾಗಿಲಲ್ಲೇ ನಿಂತಿದ್ದ.

ಕಚೇರಿಯ ಕೆಳಗಡೆಯೇ ಜೆರಾಕ್ಸ್ ಅಂಗಡಿ. ಸಭೆಯ ವಿಷಯಪಟ್ಟಿಯ ಪ್ರತಿಗಳನ್ನು ಅಲ್ಲೇ ತೆಗೆಸುವುದು. ಅಂಗಡಿಯ ಹೆಂಗಸು ಹಿಂದೆ ಆರು ವರ್ಷ ತಾತ್ಕಾಲಿಕ ಶಿಕ್ಷಕಿಯಾಗಿ ವಿಜ್ಞಾನ ಕಲಿಸಿದವಳು; ಈಗಲೂ ಅವನು ಅವಳನ್ನು ಮೇಡಂ ಎಂದೇ ಕರೆಯುತ್ತಾನೆ, ಅವಳು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗಿರುತ್ತಾಳೆ. ಯಂತ್ರದ ಮುಚ್ಚಳ ಎತ್ತಿ ಹಾಳೆಯನ್ನು ಗಾಜಿನ ಮೇಲೆ ಅವಳು ಇಡುವ ರೀತಿ, ಅಂಚು ಅಂಚಿಗೆ ಕೂರಿಸುವ ರೀತಿ, ಪ್ರಯೋಗಶಾಲೆಯಲ್ಲಿ ಗಾಜಿನ ಪಟ್ಟಿ ಹಿಡಿದವರದ್ದು.

"ಹೋಗಿಬಿಟ್ರಂತಲ್ಲ ನಿಮ್ಮ ತಿದ್ದುಪಡಿ ಸಾರ್."

"ಹೂಂ. ಹೋದ ಭಾನುವಾರ."

"ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಅವರಾದ್ರೂ ಬಾಯಿ ಬಿಡ್ತಾರೆ ಅಂದ್ಕೊಂಡಿದ್ವಿ ನಾವು ನಲವತ್ತೊಂದು ಜನ ತಾತ್ಕಾಲಿಕರು. ಆಮೇಲೆ ಮನೆಗೇ ಹೋಗಿ ಕೇಳಿದ್ವಲ್ಲ, 'ಸಾರ್, ಅವತ್ತು ಒಳಗೆ ನಮ್ಮ ಪರವಾಗಿ ಏನಾದ್ರೂ ಅಂದ್ರಾ?' ಅಂತ. 'ನನ್ನ ಬಾಯಲ್ಲಿ ಯಾಕೆ, ನಡಾವಳಿ ಪುಸ್ತಕ ಇದೆ, ನೋಡಿ' ಅಂದ್ರು. ಪುಸ್ತಕ ತರಿಸಿ ನೋಡಿದ್ವಿ. ಒಂದು ಅಕ್ಷರ ಇರಲಿಲ್ಲ." ಅವಳು ಪ್ರತಿಗಳನ್ನು ಮೇಜಿನ ಮೇಲೆ ಕುಟ್ಟಿ ಸರಿಮಾಡಿದಳು. "ಇರ್ಲಿ ಬಿಡಿ. ಸತ್ತವರ ಮೇಲೆ ಏನು ಸಿಟ್ಟು."

ಅವನು ಹೂಂ ಎಂದ. ಮತ್ತೊಂದು ಸಲ ಹೂಂ ಎಂದ. ಬಾಯಿ ತೆರೆದರೆ ಬೇರೆ ಏನೋ ಬಂದುಬಿಡುವ ಭಯಕ್ಕೆ ಪ್ರತಿಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ.

ಇಪ್ಪತ್ತೆರಡು ಮೆಟ್ಟಿಲು. ನಡುವೆ ಒಂದು ತಿರುವು, ತಿರುವಿನಲ್ಲಿ ಗೋಡೆಗೆ ಒರಗಿಸಿದ ಹಳೆಯ ಹೋರಾಟದ ಫಲಕಗಳು, ಅಕ್ಷರಗಳು ಒಂದರ ಮೇಲೊಂದು ಬಿದ್ದು ಬೇಡಿಕೆಗಳೆಲ್ಲ ಬೆರೆತುಹೋಗಿವೆ. ಈ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು ತಿದ್ದುಪಡಿ ಸಾರ್ ಅವರ ಅಭ್ಯಾಸವಾಗಿತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಸೀಮೆಸುಣ್ಣದ ತುಂಡು, ಬಟ್ಟೆ ಒಗೆಯುವಾಗ ಮಗಳು ಬೈಯುತ್ತಿದ್ದಳಂತೆ. ಯಾವ ಸಭೆಯಲ್ಲಾದರೂ ಸರಿ, ಎಲ್ಲರೂ ಮುಗಿಯಿತು ಎಂದು ಚಪ್ಪಲಿ ಹುಡುಕುವ ಹೊತ್ತಿಗೆ ಎದ್ದು, "ಅಧ್ಯಕ್ಷರೇ, ಒಂದು ಸಣ್ಣ ತಿದ್ದುಪಡಿ," ಎನ್ನುವವರು. ಅದಕ್ಕೇ ಆ ಹೆಸರು. ಮದುವೆಯ ದಿನವೂ ಎದ್ದು ನಿಂತು ಹಾಗೇ ಅಂದಿದ್ದರೆಂದು ಪಿ.ಟಿ. ಮೇಷ್ಟ್ರು ಹಬ್ಬಿಸಿದ್ದ ಕತೆಗೆ ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. "ಅಂದಿದ್ದೆ ಕಣಯ್ಯ, ಆದ್ರೆ ಅವಳು ಅನುಮೋದಿಸಲಿಲ್ಲ."

ಅವನೂ ಒಂದು ಕಾಲಕ್ಕೆ ತಾತ್ಕಾಲಿಕ. ಪಿಯುಸಿ ಪಾಸಾಗಿದ್ದಷ್ಟೇ ಓದು, ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಸೇರಿಸಿಕೊಂಡಿದ್ದರು. ಡಿಗ್ರಿ ಇಲ್ಲದೆ ನಿನ್ನನ್ನು ಯಾರೂ ಕಾಯಂ ಮಾಡುವುದಿಲ್ಲ, ಸಂಜೆ ಕಾಲೇಜಿಗೆ ಸೇರು ಎಂದವರು ಅವರು. ಸಂಜೆ ತರಗತಿ ಐದಕ್ಕೆ, ಶಾಲೆ ಬಿಡುವುದು ಐದಕ್ಕೆ, ನಡುವೆ ಒಂದು ಊರಿನಷ್ಟು ದೂರ. "ನಿನ್ನ ಕೊನೇ ಪೀರಿಯಡ್ಡು ನನಗೆ ಬಿಡು," ಎಂದರು. ಬಿಟ್ಟ. ಒಂದು ದಿನವಲ್ಲ, ಮೂರು ವರ್ಷ. ಭೂಗೋಳದ ಮೇಷ್ಟ್ರು ಮೂರು ವರ್ಷ ಅವನ ಮಕ್ಕಳಿಗೆ ಭಿನ್ನರಾಶಿ ಕಲಿಸಿದರು. ಸಂಜೆ ತರಗತಿಯ ಬೆಂಚಿನಲ್ಲಿ ಕಣ್ಣು ಎಳೆಯುವಾಗ, ಈ ಹೊತ್ತಿಗೆ ಅವರು ನನ್ನ ಕರಿಹಲಗೆಯನ್ನು ಒರೆಸುತ್ತಿರಬಹುದು ಎಂದುಕೊಂಡು ಬೆನ್ನು ನೆಟ್ಟಗೆ ಮಾಡುತ್ತಿದ್ದ. ಕಾಯಂ ಆದ ವರ್ಷವೇ ಅವರು ಅವನನ್ನು ಸಂಘಕ್ಕೆ ಕರೆತಂದು ನಡಾವಳಿ ಬರೆಯಲು ಕೂರಿಸಿದ್ದು. "ವರ್ಣನೆ ಬೇಡ. ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು, ತೀರ್ಮಾನ ಏನು, ಅಷ್ಟೆ. ಸಭೆಯಲ್ಲಿ ಆಡದ್ದನ್ನ ಬರೀಬೇಡ. ಅನುಮೋದನೆ ಸಿಗದ ಮಾತನ್ನೂ ಬರೀಬೇಡ, ಅದು ಆಡಿದ ಹಾಗೇ ಅಲ್ಲ. ಪುಸ್ತಕದಲ್ಲಿ ಜಾಗ ಖಾಲಿ ಬಿಡಬೇಡ, ಆಮೇಲೆ ಯಾರೋ ಬಂದು ತುಂಬಿಬಿಡ್ತಾರೆ. ಜಾಗ ಉಳಿದರೆ ಓರೆಗೆರೆ ಎಳಿ." ಈ ನಿಯಮಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಅವನಿಗೆ ನಿಯಮಗಳೆಂದರೆ ಇಷ್ಟ. ನಿಯಮ ಇದ್ದಲ್ಲಿ ತಪ್ಪು ಮಾಡಿದೆನೋ ಏನೋ ಎಂದು ಒದ್ದಾಡಬೇಕಾಗಿಲ್ಲ, ಹಾಗೆಂದು ಆಗ ನಂಬಿದ್ದ.

ಮೇಲೆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕಬ್ಬಿಣದ ಕುರ್ಚಿಗಳು ಅರ್ಧ ತುಂಬಿದ್ದವು. ಅಧ್ಯಕ್ಷರ ಮೇಜಿನ ಪಕ್ಕದ ಚಿಕ್ಕ ಮೇಜು ಅವನದ್ದು. ಅಲ್ಲಿ ಕೂತರೆ ಎಲ್ಲರ ಮುಖ ಕಾಣುತ್ತದೆ. ಮೂರನೆಯ ಸಾಲಿನಲ್ಲಿ ಕಿಟಕಿ ಬದಿಯ ಕುರ್ಚಿಯಲ್ಲಿ ಇವತ್ತು ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಕೈಚೀಲ, ಅದರ ಮೇಲೆ ಎರಡೂ ಕೈ. ಅವರ ಮಗಳು. ಅಂಚೆ ಕಚೇರಿಯಲ್ಲಿ ಕೆಲಸ. ಗೊತ್ತಿದ್ದು ಕೂತಳೋ, ಗೊತ್ತಿಲ್ಲದೆಯೋ, ಅದು ಅವರದೇ ಕುರ್ಚಿ. ಹನ್ನೊಂದು ವರ್ಷದ ಹಿಂದೆ ಅವತ್ತು ಅವರು ಎದ್ದದ್ದು ಅಲ್ಲಿಂದಲೇ. ಬೇಡಿಕೆ ಪಟ್ಟಿಯಿಂದ ತಾತ್ಕಾಲಿಕರ ವಿಷಯ ಕೈಬಿಟ್ಟರೆ ಉಳಿದದ್ದೆಲ್ಲ ಒಪ್ಪುತ್ತೇವೆಂದು ಇಲಾಖೆಯ ಮೇಲಿನವರು ಹೇಳಿಕಳಿಸಿದ್ದರು. ಕೈಬಿಡುವುದೆಂದು ನಿರ್ಣಯ. ಎಲ್ಲರೂ ಚಪ್ಪಲಿ ಹುಡುಕುವ ಹೊತ್ತು. "ಅಧ್ಯಕ್ಷರೇ, ಒಂದು ಸಣ್ಣ ತಿದ್ದುಪಡಿ. ತಾತ್ಕಾಲಿಕರ ಬೇಡಿಕೆ ಪಟ್ಟಿಯಲ್ಲಿ ಹಾಗೇ ಇರಬೇಕು." ಇವತ್ತು ಯಾರೂ ನಗಲಿಲ್ಲ. ಇವತ್ತು ಅಲ್ಲ, ಅವತ್ತು. ಅವನ ಪೆನ್ನು ಆಗಲೇ ಬರೆಯತೊಡಗಿತ್ತು: ತಿದ್ದುಪಡಿ, ಸೂಚಿಸಿದವರು, ಅವರ ಹೆಸರು. ಅದರ ಕೆಳಗೆ ಅನುಮೋದಿಸಿದವರು ಎಂದು ಬರೆದು, ಹೆಸರಿಗೆ ಜಾಗ ಬಿಟ್ಟು, ತಲೆಯೆತ್ತಿದ. ಯಾರಾದರೂ ಏಳುತ್ತಾರೆಂದು ಅಷ್ಟು ಖಚಿತವಾಗಿತ್ತು ಅವನಿಗೆ.

"ಅನುಮೋದಕರು?" ಎಂದರು ಅಧ್ಯಕ್ಷರು. ಫ್ಯಾನು ತಿರುಗಿತು. "ಅನುಮೋದಕರು ಯಾರಾದರೂ?"

ತಿದ್ದುಪಡಿ ಸಾರ್ ನಿಂತೇ ಇದ್ದರು. ಮುಖ ಅವನ ಮೇಜಿನ ಕಡೆಗಿತ್ತು. ನಡಾವಳಿ ಬರೆಯುವವನೂ ಸದಸ್ಯನೇ. 'ಅನುಮೋದಿಸುತ್ತೇನೆ' ಎನ್ನಲು ಅವನಿಗೂ ಬಾಯಿ ಇತ್ತು. ಆ ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ಅಧ್ಯಕ್ಷರು ಬೆನ್ನು ತಟ್ಟಿ, "ನಿಮ್ಮ ಮನೆಯವರ ವರ್ಗಾವಣೆ ಫೈಲು ಮೇಲಕ್ಕೆ ಹೋಗಿದೆ, ಇನ್ನೇನು ಸಹಿ ಬೀಳಬೇಕು," ಎಂದಿದ್ದರು. ಅಷ್ಟೇ ಅಂದಿದ್ದು. ಇದಕ್ಕೆ ಪ್ರತಿಯಾಗಿ ಅದು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಪ್ರಾಯಶಃ ಸಿಟ್ಟು ಬಂದು ಎದ್ದುಬಿಡುತ್ತಿದ್ದನೇನೋ. ಕೇಳಲಿಲ್ಲವಾದ್ದರಿಂದ ಸಿಟ್ಟಿಗೂ ಜಾಗವಿಲ್ಲದೆ, ತಲೆ ತಗ್ಗಿಸಿ, ಬರೆದಿದ್ದ ಅಕ್ಷರಗಳನ್ನೇ ಪೆನ್ನಿನಿಂದ ಮತ್ತೊಮ್ಮೆ ದಪ್ಪ ಮಾಡತೊಡಗಿದ. ಇಡೀ ಕೋಣೆಯಲ್ಲಿ ಫ್ಯಾನು ಬಿಟ್ಟರೆ ಅದೊಂದೇ ಸದ್ದು, ಹಾಳೆಯ ಮೇಲೆ ನಿಬ್ಬು ಕೆರೆಯುವುದು. "ಇಲ್ಲ. ತಿದ್ದುಪಡಿ ಬಿದ್ದುಹೋಯಿತು. ಮುಂದಿನ ವಿಷಯ." ಅವರು ಕೂತರು. ಸಂಜೆ ಅವನು ನಿಯಮದ ಪ್ರಕಾರ ಪುಸ್ತಕದ ಹೊಸ ಪುಟದಲ್ಲಿ ನಡಾವಳಿಯನ್ನು ಶುದ್ಧ ಪ್ರತಿ ಮಾಡಿದ. ಅನುಮೋದನೆ ಸಿಗದ ಮಾತು ಅದರಲ್ಲಿ ಬರಲಿಲ್ಲ. ಮೂರು ಸಾಲಿನ ಜಾಗ ಉಳಿಯಿತು. ಓರೆಗೆರೆ ಎಳೆದ. ಮುಂದಿನ ಸಭೆಯಲ್ಲಿ ಆ ಪುಟಕ್ಕೆ ಸಹಿ ಹಾಕುವ ಸರದಿ ಅವರದೇ ಆಗಿತ್ತು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. "ಎಲ್ಲಿ ಹಾಕಲಿ?" ಎಂದು ಕೇಳಿದರು. ಅವನು ಬೆರಳಿಟ್ಟು ತೋರಿಸಿದ. ಹಾಕಿದರು.

ನಲವತ್ತೊಂದು ಜನರನ್ನು ರಜೆ ಮುಗಿದ ಮೇಲೆ ಕೆಲಸಕ್ಕೆ ಕರೆಯಲಿಲ್ಲ. ಹೆಂಡತಿಯ ವರ್ಗಾವಣೆ ಮುಂದಿನ ಅವಧಿಗೆ ಆಯಿತು. ಅವತ್ತು ಕೋಣೆಯಲ್ಲಿದ್ದವರಿಗೆಲ್ಲ ಅವರು ಎದ್ದು ನಿಂತದ್ದು ಗೊತ್ತಿತ್ತು, ಆದರೆ ಹೊರಗೆ ಹೇಳಲು ಯಾರಿಗೂ ನಾಲಿಗೆ ಏಳಲಿಲ್ಲ. ಹೇಳಿದರೆ, ಹಾಗಿದ್ದರೆ ನೀವ್ಯಾಕೆ ಅನುಮೋದಿಸಲಿಲ್ಲ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಹೀಗೆ ಎದ್ದು ನಿಂತ ಒಬ್ಬರೂ ಕೂತವರ ಲೆಕ್ಕಕ್ಕೇ ಸೇರಿಹೋದರು. ಆಮೇಲೆ ಅವರು ಸಭೆಗೆ ಬರುವುದು ಕಡಿಮೆಯಾಯಿತು, ನಿವೃತ್ತಿಯಾಯಿತು, ಕಾಯಿಲೆಯಾಯಿತು. ಅವನು ನೋಡಲು ಹೋದದ್ದು ಒಂದೇ ಸಲ. "ಈಗ ಯಾರಪ್ಪ ಬರೀತಾರೆ ನಡಾವಳಿ?" "ನಾನೇ ಸಾರ್." "ಒಳ್ಳೇದು," ಎಂದು ಕಣ್ಣು ಮುಚ್ಚಿದ್ದರು. ಅದು ದಣಿವೋ, ಮಾತು ಮುಗಿಯಿತೆಂಬ ಸೂಚನೆಯೋ ತಿಳಿಯದೆ ಮಂಚದ ಪಕ್ಕ ಇನ್ನೂ ಅರ್ಧ ಗಂಟೆ ಕೂತಿದ್ದ.

"ನಡಾವಳಿ ಸಾರ್, ಓದ್ತೀರಾ?" ಅಧ್ಯಕ್ಷರು ಕೇಳುತ್ತಿದ್ದರು. ಅವರೂ ಮುದುಕರಾಗಿದ್ದಾರೆ, ಹಲ್ಲಿನ ಸೆಟ್ಟು ಮಾತಿನ ನಡುವೆ ಟಕ್ ಎನ್ನುತ್ತದೆ. ಅವನು ಎದ್ದ. ಜೇಬಿಗೆ ಕೈಹಾಕಿದ. ಎರಡೂ ಹಾಳೆ ಒಟ್ಟಿಗೆ ಬಂದವು. ಐದನೆಯ ಸಾಲನ್ನು ಅವನು ಒಂದು ವಾರ ಕೂತು ಬರೆದಿದ್ದ: 'ತಾತ್ಕಾಲಿಕ ಶಿಕ್ಷಕರ ಬೇಡಿಕೆಯನ್ನು ಕೈಬಿಡಬಾರದೆಂದು ಅವರೊಬ್ಬರೇ ತಿದ್ದುಪಡಿ ಸೂಚಿಸಿದರು, ಅದನ್ನು ಅನುಮೋದಿಸಲು ಯಾರೂ ಮುಂದೆ ಬರಲಿಲ್ಲ.' ಸಂತಾಪ ನಿರ್ಣಯವನ್ನು ಯಾರೂ ವಿರೋಧಿಸುವುದಿಲ್ಲ, ತಿದ್ದುವುದೂ ಇಲ್ಲ. ಇಲ್ಲಿ ಓದಿದರೆ ಪುಸ್ತಕದಲ್ಲಿ ಬಂದೇ ಬರುತ್ತದೆ. ಹನ್ನೊಂದು ವರ್ಷಕ್ಕೆ ಇದೊಂದೇ ಬಾಗಿಲು. ನಾಲ್ಕು ಸಾಲು ಓದಿದ. ದನಿ ಚೆನ್ನಾಗಿಯೇ ಬರುತ್ತಿತ್ತು. ಐದನೆಯದಕ್ಕೆ ಉಸಿರು ತೆಗೆದುಕೊಂಡು ತಲೆಯೆತ್ತಿದಾಗ ಮುಂದಿನ ಸಾಲಿನಲ್ಲಿ ಪಿ.ಟಿ. ಮೇಷ್ಟ್ರು ಮೂಗು ಒರೆಸಿಕೊಳ್ಳುತ್ತಿದ್ದರು, ಡ್ರಾಯಿಂಗ್ ಮೇಡಂ ಕನ್ನಡಕ ತೆಗೆದಿದ್ದರು. ಅವತ್ತೂ ಇಬ್ಬರೂ ಅಲ್ಲೇ ಇದ್ದವರು. ಎಲ್ಲರೂ ಒಳ್ಳೆಯವರ ಹಾಗೆ ಕಂಡರು. ದುಃಖದಲ್ಲಿರುವವರ ಮುಖಕ್ಕೆ ಇದನ್ನು ಹೇಗೆ ಎರಚುವುದು? ಮಗಳ ಎದುರಿಗೆ? ಹಾಗೆ ಕೇಳಿಕೊಳ್ಳುತ್ತಿರುವುದು ಕರುಣೆಯಲ್ಲ, ಅದೇ ಹಳೆಯ ತಲೆ ತಗ್ಗಿಸುವಿಕೆ ಎಂದು ಗೊತ್ತಾಗುವಷ್ಟರಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಹಾಳೆ ಮಡಚಿದ. ಕೂತ. ಕೂತ ಕೂಡಲೇ ಏನಾಯಿತೋ, ಕುರ್ಚಿಯಿಂದ ಚಿಮ್ಮಿದವನ ಹಾಗೆ ಮತ್ತೆ ಎದ್ದು, ಕೈ ಮೇಲೆತ್ತಿ, ಗಟ್ಟಿಯಾಗಿ, "ಅನುಮೋದಿಸುತ್ತೇನೆ!" ಎಂದ.

ಎಲ್ಲರೂ ಅವನ ಕಡೆ ತಿರುಗಿದರು.

"ಅಯ್ಯೋ ಸಾರ್," ಎಂದರು ಅಧ್ಯಕ್ಷರು, ಹಲ್ಲು ಟಕ್ ಎಂದಿತು. "ಸಂತಾಪಕ್ಕೆ ಅನುಮೋದನೆ ಬೇಡ ಅಲ್ವಾ. ಎಲ್ಲರೂ ಎದ್ದು ನಿಂತರೆ ಆಯ್ತು. ನಿಮಗೆ ಗೊತ್ತಿಲ್ಲದ್ದಾ?"

"ಇಷ್ಟು ವರ್ಷ ಬರೆದೂ ಬರೆದೂ ಸಾರ್‌ಗೆ ನಡಾವಳಿ ತಲೆಗೇರಿದೆ," ಎಂದರು ಪಿ.ಟಿ. ಮೇಷ್ಟ್ರು, ಒದ್ದೆ ಕಣ್ಣಿನಲ್ಲೇ. ಅಲ್ಲಲ್ಲಿ ಮೆಲ್ಲಗೆ ನಗು. ಕುರ್ಚಿಗಳು ಕಿರ್ ಎಂದವು, ಎಲ್ಲರೂ ಎದ್ದರು. ಎರಡು ನಿಮಿಷ ಮೌನ. ಅವನೊಬ್ಬ ಮೊದಲೇ ಎದ್ದು ನಿಂತಿದ್ದ; ಎತ್ತಿದ ಕೈಯನ್ನು ಯಾವಾಗ ಇಳಿಸಬೇಕೆಂದು ಹೊಳೆಯದೆ, ಕೂದಲು ಸರಿಮಾಡಿಕೊಳ್ಳುವವನ ಹಾಗೆ ತಲೆ ಸವರಿ ಕೆಳಗೆ ತಂದ.

ಟೀ ಕೊಟ್ಟರು. ಮಗಳು ಲೋಟ ಹಿಡಿದುಕೊಂಡೇ ಅವನ ಮೇಜಿನ ಬಳಿ ಬಂದಳು. ಹತ್ತಿರದಿಂದ ನೋಡಿದರೆ ಅವರದೇ ಹುಬ್ಬು.

"ನಿಮ್ಮನ್ನ ನೋಡ್ಬೇಕು ಅಂದ್ಕೊಂಡಿದ್ದೆ ಅಣ್ಣ. ಅಪ್ಪ ಯಾವಾಗ್ಲೂ ಹೇಳೋರು, 'ಅವನು ಒಂದು ಅಕ್ಷರ ಬಿಡಲ್ಲ, ಎಲ್ಲಾ ಬರೆದಿಟ್ಟಿರ್ತಾನೆ' ಅಂತ."

ಅವನು ಲೋಟವನ್ನು ಮೇಜಿನ ಮೇಲಿಟ್ಟ. "ಯಾವಾಗ… ಯಾವಾಗ ಹೇಳ್ತಿದ್ರು?"

"ಯಾವಾಗ್ಲೂ. ಆ ತಾತ್ಕಾಲಿಕದವರು ಮನೆಗೆ ಬಂದು ಜಗಳ ಆಡಿ ಹೋದಾಗ ನಾನೇ ಕೇಳಿದ್ದೆ, 'ನೀವೇನು ಅಂದ್ರಿ ಅಂತ ಬಾಯಿ ಬಿಟ್ಟು ಹೇಳಬಾರದಾ?' ಅಂತ. ಆಗ ಅಂದ್ರೋ, ಅದಕ್ಕೆ ಮೊದಲೇ ಅನ್ನೋರೋ… ನೆನಪಿಲ್ಲ ಅಣ್ಣ. ನಿಮ್ಮ ಅಕ್ಷರ ಓದೋದು ಅವರಿಗೆ ತುಂಬಾ ಇಷ್ಟ ಇತ್ತು. ನಡುವೆ ಒಂದಷ್ಟು ಕಾಲ ಓದೋಕೆ ಆಗ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತಲ್ಲ, ಆಪರೇಷನ್ ಆಗೋವರೆಗೆ. ಎದುರಿಗೆ ನಿಂತವರ ಮುಖ ಕಾಣದಿದ್ರೂ ಹೇಳ್ತಿರಲಿಲ್ಲ, ನಮಗೇ ಗೊತ್ತಾಗೋಕೆ ಒಂದು ವರ್ಷ ಆಯ್ತು. ಹಠ."

"ಯಾವ ವರ್ಷ ಅದು?"

"ಆಪರೇಷನ್ನಾ? ನನ್ನ ದೊಡ್ಡವಳು ಹುಟ್ಟಿದ ವರ್ಷ… ಅಲ್ಲ, ಅದರ ಮುಂದಿನದ್ದು. ಹತ್ತು, ಹನ್ನೊಂದು ವರ್ಷ ಆಗಿರ್ಬೇಕು. ಯಾಕಣ್ಣ?"

"ಏನಿಲ್ಲಮ್ಮ," ಎಂದ. ಹೇಳಬೇಕಾದದ್ದನ್ನು ಹೇಳಲು ಮೂರನೆಯ ಸಲವೂ ಆಗಲಿಲ್ಲ. ಲೆಕ್ಕದ ಮೇಷ್ಟ್ರಾದ್ದರಿಂದ ಎಣಿಸುವುದು ಮಾತ್ರ ತಪ್ಪಲಿಲ್ಲ. ಅವಳು ಹೋದ ಮೇಲೆ ಪುಸ್ತಕ ಬಿಡಿಸಿ ಇವತ್ತಿನ ನಡಾವಳಿ ಬರೆದ. ನಾಲ್ಕು ಸಾಲು. ಕೆಳಗೆ ಜಾಗ ಉಳಿಯಿತು. ಐದನೆಯದನ್ನು ಈಗ ಬರೆದರೂ ಕೇಳುವವರಿಲ್ಲ, ಆದರೆ ಸಭೆಯಲ್ಲಿ ಆಡದ್ದನ್ನು ಬರೆಯಬೇಡ ಎಂದ ದನಿ ಕಿವಿಯಲ್ಲೇ ಇತ್ತು. ಪೆನ್ನು ಹಿಡಿದ ಕೈ ಓರೆಗೆರೆಯನ್ನು ತಾನೇ ಎಳೆದುಬಿಟ್ಟಿತು. ಮೊದಲ ಸಲ ಅವನಿಗೆ ಅವರ ಮೇಲೆ ಸಿಟ್ಟು ಬಂತು. ಇಂಥ ನಿಯಮವನ್ನು ನನ್ನಂಥವನ ಕೈಗೆ ಕೊಡಬಹುದಾಗಿತ್ತೇ?

ಕೆಳಗೆ ಅಂಗಡಿಯಲ್ಲಿ ಇನ್ನೂ ಬೆಳಕಿತ್ತು. ಅವಳು ಯಂತ್ರದ ಮೇಲೆ ಬಟ್ಟೆ ಹೊದಿಸುತ್ತಿದ್ದಳು. ಅವನು ಮುಂದೆ ಹೋದ, ನಿಂತ, ಹಿಂದೆ ಬಂದ. ಜೇಬಿನಿಂದ ಐದು ಸಾಲಿನ ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಎಷ್ಟು ಕಾಪಿ?" ಎಂದು ಬಟ್ಟೆ ಸರಿಸುತ್ತಲೇ ಕೇಳಿದಳು.

"ನಲವತ್ತೊಂದು."

ಅವಳ ಕೈ ನಿಂತಿತು. ಹಾಳೆಯನ್ನು ಗಾಜಿನ ಮೇಲೆ ಇಡಲಿಲ್ಲ, ಬೆಳಕಿಗೆ ಹಿಡಿದಳು. ಒಂದು ಸಲ ಓದಿ, ಮತ್ತೆ ಕೊನೆಯ ಸಾಲಿಗೆ ಹೋದಳೆಂದು ಅವಳ ಕಣ್ಣು ಚಲಿಸುವುದರಿಂದಲೇ ಗೊತ್ತಾಯಿತು.

"ಅಂದಿದ್ರಾ ಅವರು?"

"ಅಂದಿದ್ರು."

"ಯಾರೂ ಮುಂದೆ ಬರಲಿಲ್ಲ ಅಂತ ಬರೆದಿದ್ದೀರಿ. ಯಾರೂ ಅಂದ್ರೆ… ನೀವು ಎಲ್ಲಿದ್ರಿ?"

"ಅಲ್ಲೇ."

"ಏನು ಮಾಡ್ತಿದ್ರಿ?"

"ಬರೀತಿದ್ದೆ."

ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಹಾಳೆಯನ್ನು ಅಂಚಿಗೆ ಅಂಚು ಕೂರಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದಳು. ಮುಚ್ಚಳದ ಸಂದಿಯಿಂದ ಬೆಳಕು ಅವಳ ಕೈಮೇಲೆ ಹಾದುಹೋಯಿತು, ಮತ್ತೆ ಹಾದುಹೋಯಿತು. ಅವನು ಎಣಿಸುತ್ತ ನಿಂತ. ಹತ್ತೊಂಬತ್ತು, ಇಪ್ಪತ್ತು. ಅವರಿಗೆ ಅವತ್ತು ಕಣ್ಣು ಕಾಣುತ್ತಿರಲಿಲ್ಲ ಎಂದಾದರೆ ಅವನ ತಗ್ಗಿದ ತಲೆಯೂ ಕಂಡಿರಲಿಕ್ಕಿಲ್ಲ. ಹನ್ನೊಂದು ವರ್ಷ ತನ್ನನ್ನು ಸುಟ್ಟ ಆ ನೋಟ ನೋಟವೇ ಆಗಿರಲಿಕ್ಕಿಲ್ಲ. ಅಷ್ಟು ಹೊತ್ತು ಅಲ್ಲಿ ನಿಂತದ್ದು ನೋಡುವುದಕ್ಕಲ್ಲ, ಒಂದು ದನಿ ಕೇಳುವುದಕ್ಕೆ. ಕೇಳಿದ್ದು ಪೆನ್ನಿನ ಸದ್ದು. ಆ ಸದ್ದನ್ನು ಅವರು ಏನೆಂದು ತಿಳಿದರು? ತನ್ನ ಮಾತನ್ನು ಇವನು ಬರೆದುಕೊಳ್ಳುತ್ತಿದ್ದಾನೆ, ನಿಯಮ ಮುರಿದಾದರೂ ಬರೆಯುತ್ತಾನೆ ಎಂದೇ? ಹಾಗೆ ತಿಳಿದೇ, ಓದಲಾಗದ ಪುಟಕ್ಕೆ ಬೆರಳಿಟ್ಟ ಕಡೆ ಸಹಿ ಹಾಕಿ, ಬಂದವರಿಗೆ ಪುಸ್ತಕ ನೋಡಿ ಎಂದರೇ? ಅಥವಾ ಎಲ್ಲ ಗೊತ್ತಿದ್ದೂ ಅವನನ್ನು ಕಾಪಾಡಲು ಹಾಗೆಂದರೇ?

ಆಪರೇಷನ್ ಆದದ್ದು ಆ ಸಭೆಗೆ ಮೊದಲೋ ಆಮೇಲೋ ಎಂದು ವಿಚಾರಿಸಿದರೆ ತಿಳಿಯಬಹುದಿತ್ತು. ಅವನು ಇಲ್ಲಿಯವರೆಗೆ ವಿಚಾರಿಸಿಲ್ಲ. ವಿಚಾರಿಸಿದರೂ ಉಳಿದದ್ದು ಗೊತ್ತಾಗುವ ಹಾಗಿಲ್ಲ. ಆ ಪುಟದಲ್ಲಿ ಏನಿದೆಯೆಂದು ಅವರು ಕೊನೆಯವರೆಗೆ ನಂಬಿದ್ದರೋ, ಅವನಿಗೆ ಗೊತ್ತಿಲ್ಲ.